ಪುಟ್ಟಯ್ಯನ ನೆರಳು ಬಿದ್ದ ಕಡೆ

ನಮ್ಮೂರಲ್ಲಿ ಬಿಸಿಲಿಗೆ ಹಿಡಿದ ಛತ್ರಿಯ ಕೆಳಗೆ ಇಬ್ಬರು ನಡೆಯುವುದಿಲ್ಲ. ನಡೆದರೂ ಪ್ರಯೋಜನವಿಲ್ಲ. ಛತ್ರಿ ಯಾರದೋ ನೆರಳೂ ಅವರದೇ. ಗಂಡನ ಛತ್ರಿಯ ಕೆಳಗೆ ಎಷ್ಟು ಒತ್ತಿಕೊಂಡು ನಡೆದರೂ ಹೆಂಡತಿಯ ನೆತ್ತಿ ಸುಡುತ್ತಲೇ ಇರುತ್ತದೆ, ಪಕ್ಕದಲ್ಲಿ ಗಂಡ ತಣ್ಣಗೆ ಹೋಗುತ್ತಿರುತ್ತಾನೆ. ಮಗುವಿಗೆ ನೆರಳು ಬೇಕೆಂದರೆ ತಾಯಿ ಛತ್ರಿಯ ಹಿಡಿಯನ್ನು ಅದರ ಕೈಗೆ ಮುಟ್ಟಿಸಿ 'ಕೊಟ್ಟೆ' ಎಂದು ಬಾಯಿಬಿಟ್ಟು ಹೇಳಬೇಕು. ಆಗ ನೆರಳು ಮಗುವಿನ ಕಡೆ ಸರಿಯುತ್ತದೆ. ಮನೆ ಮುಟ್ಟಿದ ಮೇಲೆ ಆ ಮಗು ಛತ್ರಿಯನ್ನು ವಾಪಸ್ಸು ಕೊಡಲು ಹಟ ಮಾಡಿದರೆ ಅದು ಬೇರೆ ಕಥೆ.

ಛತ್ರಿಯೊಂದೇ ಅಲ್ಲ. ಯಾರಿಗಾದರೂ ಸೇರಿದ ಯಾವ ವಸ್ತುವಿನ ನೆರಳೇ ಆಗಲಿ, ಸೂರ್ಯ ಎತ್ತಲಾದರೂ ಇರಲಿ, ಅದು ಬೀಳುವುದು ಒಡೆಯನಿರುವ ದಿಕ್ಕಿಗೆ. ಜವರಪ್ಪನ ಸೈಕಲ್ ಅಂಗಡಿಯ ಮುಂದೆ ರಿಪೇರಿಗೆ ನಿಲ್ಲಿಸಿದ ಸೈಕಲ್ಲುಗಳ ನೆರಳು ಮನಸ್ತಾಪವಾದ ಅಣ್ಣತಮ್ಮಂದಿರ ಹಾಗೆ ಒಂದೊಂದು ಒಂದೊಂದು ಕಡೆ ಮುಖ ಮಾಡಿಕೊಂಡಿರುತ್ತಿದ್ದವು. ಕದ್ದ ಕೊಡವನ್ನು ಬಚ್ಚಿಡಬಹುದು, ಅದರ ನೆರಳನ್ನು ಬಚ್ಚಿಡಲಾಗುವುದಿಲ್ಲ. ಹಾಗಾಗಿ ನಮ್ಮಲ್ಲಿ ವ್ಯಾಜ್ಯಗಳು ಕಡಿಮೆ. ಇದು ನನ್ನದು, ಅದು ನಿನ್ನದು ಎಂಬ ಜಗಳ ಬಂದರೆ ನಡುಮಧ್ಯಾಹ್ನ ಬೀದಿಯಲ್ಲಿ ವಸ್ತುವನ್ನಿಟ್ಟು ಇಬ್ಬರು ಸಾಕ್ಷಿಗಳು ನೆರಳು ನೋಡುತ್ತಾರೆ. ನಡುನೆತ್ತಿಯ ಸೂರ್ಯನಿಗೆ ಯಾರ ಪಕ್ಷವೂ ಇಲ್ಲ. ನೆರಳು ಬಿದ್ದವನದು ವಸ್ತು, ಅಲ್ಲಿಗೆ ಮುಗಿಯಿತು. ಕಾಡುಮರ, ಬೀದಿನಾಯಿ, ಮನುಷ್ಯರು, ಇವರ ನೆರಳು ಮಾತ್ರ ಸೂರ್ಯ ಹೇಳಿದ ಕಡೆಗೆ. ಹೆಂಡತಿಯ ನೆರಳು ಗಂಡನ ಕಡೆಗೆ ಬೀಳುವುದಿಲ್ಲವೇ ಎಂದು ಬೇರೆ ಊರಿನವರು ಕೇಳಿ ನಗುತ್ತಾರೆ. ಬೀಳುವುದಿಲ್ಲ. ನಮ್ಮೂರಿನ ಎಷ್ಟೋ ಗಂಡಸರು ಕಾದು ಕೂತು ನೋಡಿದ್ದಾರೆ.

ನಾನು ಇದನ್ನೆಲ್ಲ ಕಣ್ಣಾರೆ ಕಂಡದ್ದು ಹನ್ನೊಂದು ವರ್ಷದವಳಾಗುವ ತನಕ. ಆಮೇಲೆ ಜ್ವರ ಬಂತು, ಹೋಗುವಾಗ ಕಣ್ಣುಗಳನ್ನೂ ಕರೆದುಕೊಂಡು ಹೋಯಿತು. ನನ್ನ ಹೆಸರು ಅಂಬುಜಾಕ್ಷಿ. ನಗು ಬಂದರೆ ನಕ್ಕುಬಿಡಿ, ನಾನೇ ಬೇಕಾದಷ್ಟು ನಕ್ಕಿದ್ದೇನೆ. ಬೆತ್ತದ ಕುರ್ಚಿ ಹೆಣೆಯುವುದು ನನ್ನ ಕಸುಬು. ಹರಿದ ಕುರ್ಚಿಗಳನ್ನು ಜನ ನನ್ನ ಜಗಲಿಗೆ ತಂದು ಹಾಕುತ್ತಾರೆ, ನಾನು ನೆನೆಸಿದ ಬೆತ್ತವನ್ನು ಎಳೆದೆಳೆದು ಕಣ್ಣು ಕಣ್ಣಾಗಿ ಹೆಣೆಯುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ಎರಡು ಕೋಣೆಯ ಆ ಮನೆ, ಮುಂದಿನ ಗರಿಯ ಚಪ್ಪರ, ಕೈಯಲ್ಲಿರುವ ಈ ಕೆಲಸ, ಇಷ್ಟು ನನ್ನವಾಗಿ ಉಳಿದವು.

ಪುಟ್ಟಯ್ಯ ಬಂದದ್ದು ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ. ಊರಿನ ಉತ್ತರಕ್ಕೆ ಗುಡ್ಡವಿದೆ, ಗುಡ್ಡದ ಮೇಲೆ ಆಸರೆ ಭವನವಿದೆ. ಕಣ್ಣಿಲ್ಲದವರಿಗೆ ದಾರಿ ತೋರಿಸುವ ನಾಯಿಗಳನ್ನು ಅಲ್ಲಿ ತಯಾರು ಮಾಡುತ್ತಾರೆ. ನಾಯಿಗಳಿಗೆ ಅವರಿಡುವ ಹೆಸರುಗಳೆಲ್ಲ ಸದ್ಗುಣಗಳವು: ಸಹನೆ, ಶಿಸ್ತು, ವಿನಯ. ನನ್ನ ಪಾಲಿಗೆ ಬಂದವನ ಹೆಸರು ವಿಧೇಯ. ಮೂರು ದಿನ ಆ ಹೆಸರಿನಿಂದ ಕರೆದೆ, ಅವನು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಾಲ್ಕನೆಯ ದಿನ 'ಬಾರೋ ಪುಟ್ಟಯ್ಯ' ಎಂದೆ, ಎದ್ದು ಬಂದು ಮೊಣಕಾಲಿಗೆ ತಲೆ ಒರಗಿಸಿದ.

ಭವನದವರು ನಾಯಿಯನ್ನು ಕೊಡುವುದಿಲ್ಲ, ವಹಿಸುತ್ತಾರೆ. ನಾಯಿಯ ಕೊರಳ ಪಟ್ಟಿಯನ್ನು ನನ್ನ ಕೈಗಿಡುವಾಗ ಮೇಲ್ವಿಚಾರಕಿ ವತ್ಸಲಾಬಾಯಿಯವರು 'ವಹಿಸಿದೆವು' ಎಂದರು. 'ಕೊಟ್ಟೆವು' ಅನ್ನಲಿಲ್ಲ. ಹಾಗಾಗಿ ಪುಟ್ಟಯ್ಯ ನನ್ನ ಮಂಚದ ಕೆಳಗೆ ಮಲಗಿದರೂ ಅವನ ನೆರಳು ಗುಡ್ಡದ ಕಡೆಗೇ ಬೀಳುತ್ತಿತ್ತು. ಅವನಿಗೆ ನಾನು ತಿನ್ನುವ ಅನ್ನ ಹಾಕಬಾರದು, ಸಂತೆಯ ದಿನ ಕರೆದುಕೊಂಡು ಹೋಗಬಾರದು, ದೀಪ ಹಚ್ಚಿದ ಮೇಲೆ ಹೊಸಿಲು ದಾಟಬಾರದು. ಆರು ತಿಂಗಳಿಗೊಮ್ಮೆ ತನಿಖೆ. ಯಾವಾಗ ಬೇಕಾದರೂ ಕಾರಣ ಹೇಳದೆ ವಾಪಸ್ಸು ತೆಗೆದುಕೊಳ್ಳಬಹುದು, ನಾನು ತಕರಾರು ಮಾಡಬಾರದು. ಇದೆಲ್ಲ ಯಾಕೆ ಎಂದು ಕೇಳಿದರೆ ಉತ್ತರ ಒಂದೇ, ನಿನ್ನ ಒಳ್ಳೆಯದಕ್ಕೆ.

ತನಿಖೆಗೆ ಬಂದ ವತ್ಸಲಾಬಾಯಿಯವರು ನಾಯಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ನನ್ನನ್ನು ನೋಡುತ್ತಿದ್ದರು. ಒಲೆಯ ಬೂದಿ ಕೆದಕಿ ನೋಡುವರು, ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆಯುವರು, ನನ್ನ ಜಡೆಯನ್ನು ಎತ್ತಿ ಹಿಡಿದು, "ಮಗು, ತಲೆಗೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತು?" ಎನ್ನುವರು. ದನಿಯ ಮೇಲೆ ಹೇಳುವುದಾದರೆ ಅವರು ನನಗಿಂತ ಎರಡು ವರ್ಷಕ್ಕಾದರೂ ಚಿಕ್ಕವರು. ನಾನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಬಾಯಿ ಬಿಟ್ಟರೆ ಪುಟ್ಟಯ್ಯ ಹೋಗುತ್ತಾನೆ ಎಂಬ ಭಯ. ಹೊರಡುವಾಗ ಅವರು ಪಕ್ಕದ ಮನೆಯ ಹೊನ್ನಕ್ಕನ ಹತ್ತಿರ, ಎದುರಿನ ಜವರಪ್ಪನ ಹತ್ತಿರ ನಿಂತು ಪಿಸುಪಿಸು ಮಾತನಾಡಿ ಹೋಗುತ್ತಿದ್ದರು. ಕಣ್ಣಿಲ್ಲದವಳಿಗೆ ಕಿವಿಯೂ ಇಲ್ಲ ಎಂದು ಜನ ಹೇಗೆ ನಂಬುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೂ ಮಾತಿನ ಪೂರ್ತಿ ಅರ್ಥ ನನಗೆ ಆಗ ಸಿಕ್ಕಿರಲಿಲ್ಲ.

ಹೊನ್ನಕ್ಕನನ್ನು ಬೈದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಮ್ಮ ಸತ್ತ ವರ್ಷ ನನ್ನ ಬಾಯಿಗೆ ಗಂಜಿ ಹಾಕಿದವಳು ಅವಳು. ಬೆಳಿಗ್ಗೆ ಎದ್ದು ನನ್ನ ಮನೆಯ ಮುಂದಕ್ಕೂ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು, ನಾನು ಬೇಡ ಎಂದರೂ. ಜವರಪ್ಪನೂ ಒಳ್ಳೆಯವನೇ. ನನಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುವವನು ಅವನು, ಕೆಟ್ಟ ಸುದ್ದಿಯ ಭಾಗ ಬಂದಾಗ ಕೆಮ್ಮಿ ಹಾರಿಸಿಬಿಡುತ್ತಿದ್ದ. ಆ ಕೆಮ್ಮು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಅದು ನನ್ನ ತಪ್ಪು.

ಪುಟ್ಟಯ್ಯನ ಜೊತೆ ನನ್ನ ಊರು ದೊಡ್ಡದಾಯಿತು. ಅದುವರೆಗೆ ಯಾರದಾದರೂ ಮೊಣಕೈ ಹಿಡಿದು ಅವರಿಗೆ ಕೆಲಸವಿದ್ದ ಕಡೆಗೆ ನಾನೂ ಹೋಗುತ್ತಿದ್ದವಳು. ಈಗ ನನಗೆ ಕೆಲಸವಿಲ್ಲದ ಕಡೆಗೂ ಹೋಗತೊಡಗಿದೆ. ಸುಮ್ಮನೆ ಹೊಳೆಯ ಸೋಪಾನದ ಮೇಲೆ ಕೂತು ನೀರಿನ ಸದ್ದು ಕೇಳಿ ಬರುವುದು ಎಷ್ಟು ದೊಡ್ಡ ಸುಖ ಎಂದು ಹಾಗೆ ಹೋಗಲಾರದವರಿಗೇ ಗೊತ್ತು. ಒಂದು ದಿನ ತರಕಾರಿ ಓಣಿಯಲ್ಲಿ ಅವನು ಇದ್ದಕ್ಕಿದ್ದಂತೆ ಅಡ್ಡ ಮಲಗಿಬಿಟ್ಟ. ಎಳೆದೆ, ಗದರಿದೆ, ಏಳಲಿಲ್ಲ. ಸಿಟ್ಟಿನಿಂದ ಅವನನ್ನು ದಾಟಿ ಕಾಲು ಚಾಚಿದರೆ ಬೆರಳಿಗೆ ನೆಲ ಸಿಗಲಿಲ್ಲ. ಚರಂಡಿಯ ಚಪ್ಪಡಿಯನ್ನು ಯಾರೋ ಎತ್ತಿದವರು ಹಾಗೇ ಬಿಟ್ಟು ಹೋಗಿದ್ದರು. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವನ ಕುತ್ತಿಗೆ ತಬ್ಬಿಕೊಂಡು ಕ್ಷಮೆ ಕೇಳಿದೆ. ಆ ದಿನ ರಾತ್ರಿ ನನ್ನ ತಟ್ಟೆಯಿಂದ ರಾಗಿಮುದ್ದೆ ಮುರಿದು ಕೊಟ್ಟೆ. ನಿಯಮ ಮುರಿದದ್ದು ಹಾಗೆ, ಮುದ್ದೆಯ ಜೊತೆಗೆ.

ಐದನೆಯ ವರ್ಷದ ಬೇಸಿಗೆಯಲ್ಲಿ ಮೊದಲ ಸಲ ನನ್ನ ಎಡಪಾದ ತಣ್ಣಗಾಯಿತು. ನಾನು ಜಗಲಿಯ ಅಂಚಿನಲ್ಲಿ ಕೂತು ಹೆಣೆಯುತ್ತಿದ್ದೆ. ಚಪ್ಪರದ ನೆರಳು ನನ್ನ ಮೊಣಕಾಲಿನವರೆಗೆ, ಅದರ ಆಚೆ ಪಾದಗಳು ಯಾವಾಗಲೂ ಬಿಸಿಲಲ್ಲಿ. ಪುಟ್ಟಯ್ಯ ಕೆಳಗೆ ಬೀದಿಯಲ್ಲಿ ಕೂತಿದ್ದ. ಬಲಪಾದ ಸುಡುತ್ತಿತ್ತು, ಎಡಪಾದದ ಮೇಲೆ ಮಾತ್ರ ಒದ್ದೆ ಬಟ್ಟೆ ಹಾಸಿದಂಥ ತಂಪು. ಹೆಣಿಗೆ ನಿಲ್ಲಿಸಿದೆ, ಇದು ಪುಟ್ಟಯ್ಯನ ನೆರಳಿರಬಹುದೇ? ಯಾಕೆಂದರೆ ಇಂಥದ್ದು ಆಗುವುದುಂಟು, ಅಪರೂಪಕ್ಕೆ. ನಾನು ಚಿಕ್ಕವಳಿದ್ದಾಗ ದರ್ಜಿ ಮಾಸ್ತರನ ಹೊಲಿಗೆ ಯಂತ್ರದ ನೆರಳು ಇಪ್ಪತ್ತು ವರ್ಷ ಅದನ್ನು ತುಳಿದ ಕೆಲಸದವನ ಕಡೆ ತಾನಾಗಿ ತಿರುಗಿತ್ತು. ಯಾರೂ ಕೊಟ್ಟಿರಲಿಲ್ಲ. ಮಾಸ್ತರ ಒಂದು ಮಾತೂ ಆಡದೆ ಯಂತ್ರವನ್ನು ಅವನ ಮನೆಗೆ ಹೊರಿಸಿ ಕಳಿಸಿದ್ದ.

"ಹೊನ್ನಕ್ಕಾ, ಬಾ ಇಲ್ಲಿ. ನನ್ನ ಕಾಲ ಮೇಲೆ ಬಿದ್ದಿರೋ ನೆರಳು ಯಾರದು ನೋಡು" ಎಂದು ಕೂಗಿದೆ.

ಅವಳ ಬಳೆಯ ಸದ್ದು ಹತ್ತಿರ ಬಂತು, ನಿಂತಿತು.

"ಚಪ್ಪರ ಜಗ್ಗೈತೆ ಕಣವ್ವ. ಅದರ ನೆರಳು ಮುಂದಕ್ಕೆ ಬಂದೈತೆ."

"ಪುಟ್ಟಯ್ಯನ ನೆರಳು?"

"ಅದಾ? ಅದು ಎಂದಿನಂಗೇ. ಗುಡ್ಡದ ಕಡೀಕೆ."

ಜವರಪ್ಪನನ್ನೂ ಕೇಳಿದೆ. ಅವನು ಕೆಮ್ಮಿ, "ಗುಡ್ಡದ ಕಡೀಗೇ ಐತೆ ಅಂಬುಜಕ್ಕ" ಎಂದ. ಚಪ್ಪರವನ್ನು ಎತ್ತಿ ಕಟ್ಟಿಸಿದೆ, ಪಾದ ತಣ್ಣಗೇ ಇತ್ತು. ಹೊಳೆಯ ದಾರಿಯಲ್ಲಿ ನಿಂತಾಗ ತಣ್ಣಗಾದರೆ ಬೇವಿನ ಮರ ಎಂದರು, ಅಂಗಡಿಯ ಮುಂದೆ ಆದರೆ ಗೋಡೆ ಎಂದರು. ಮೂರು ವರ್ಷ ನನ್ನ ಪಾದ ಒಂದು ಹೇಳುತ್ತಿತ್ತು, ಬೀದಿಯವರ ಕಣ್ಣು ಇನ್ನೊಂದು ಹೇಳುತ್ತಿತ್ತು. ನಾನು ಕಣ್ಣನ್ನು ನಂಬಿದೆ. ಮೂವತ್ತೈದು ವರ್ಷದಿಂದ ಕಣ್ಣಿರುವವರು ಹೇಳಿದ್ದನ್ನು ನಂಬಿಯೇ ಬದುಕಿದವಳಿಗೆ ಒಂದು ಪಾದದ ಮಾತು ಎಷ್ಟರದು?

ಎಂಟನೆಯ ವರ್ಷ ನಾನು ಬಿದ್ದೆ. ದೊಡ್ಡ ವಿಷಯವೇನಲ್ಲ, ಯಾರೋ ದಾರಿಯಲ್ಲಿ ಇಳಿಸಿದ್ದ ಸಿಮೆಂಟಿನ ಚೀಲಕ್ಕೆ ಎಡವಿ ಮೊಣಕಾಲು ತರಚಿತು. ಕಣ್ಣು ನೆಟ್ಟಗಿರುವವರು ಅದೇ ಚೀಲಕ್ಕೆ ಎಡವಿ ಬಿದ್ದರೆ ಚೀಲ ಇಳಿಸಿದವನನ್ನು ಬೈಯುತ್ತಾರೆ. ನಾನು ಬಿದ್ದದ್ದಕ್ಕೆ ಭವನದಿಂದ ಕಾಗದ ಬಂತು. ಜವರಪ್ಪ ಓದಿದ. ಶ್ವಾನಕ್ಕೆ ವಯಸ್ಸಾಗಿದೆ, ಬಲಗಣ್ಣಿನಲ್ಲಿ ಪೊರೆ ಕಾಣಿಸಿಕೊಂಡಿದೆ, ವಹಿಸಿಕೊಂಡವರ ಕ್ಷೇಮದ ದೃಷ್ಟಿಯಿಂದ ಬರುವ ಸೋಮವಾರ ಹಿಂಪಡೆಯಲಾಗುವುದು. ಆಮೇಲೆ ಕೆಮ್ಮಿದ.

"ಕೆಮ್ಮಬೇಡ ಜವರಪ್ಪ, ಮುಂದಕ್ಕೆ ಓದು."

ವಹಿಸಿಕೊಂಡವರು ಒಂಟಿಯಾಗಿರುವುದರಿಂದ ಇನ್ನೊಂದು ಶ್ವಾನವನ್ನು ವಹಿಸುವುದು ಸೂಕ್ತವಲ್ಲ. ಭವನದಲ್ಲೇ ಬಂದು ವಾಸಿಸಲು ಸಲಹೆ ನೀಡಲಾಗಿದೆ.

ಮಾರನೆಯ ದಿನವೇ ವತ್ಸಲಾಬಾಯಿಯವರನ್ನು ಕರೆಸಿದೆ. ಬೇಡಿಕೊಂಡೆ, ಹೌದು, ಬೇಡಿಕೊಂಡೆ. "ಮುದಿನಾಯಿ ನಿಮಗೆ ಯಾಕಮ್ಮಾ? ಒಂದು ಸಲ 'ಕೊಟ್ಟೆವು' ಅಂದ್ಬಿಡಿ. ಇನ್ನೊಂದು ನಾಯಿ ನನಗೆ ಬೇಡ."

"ನಿನ್ನನ್ನ ನೋಡ್ಕೊಳ್ಳೋಕೇ ಒಬ್ಬರು ಬೇಕು ಮಗು. ಕುರುಡಾಗೋ ನಾಯೀನ ನೀನು ಹೇಗೆ ನೋಡ್ಕೋತೀಯಾ?"

"ಕಣ್ಣಿಲ್ಲದೆ ಹೇಗೆ ಬದುಕಬೇಕು ಅನ್ನೋದು ಈ ಬೀದೀಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಂಟು ವರ್ಷ ಅವನು ನನ್ನ ನಡೆಸಿದ. ಇನ್ನೆರಡು ವರ್ಷ ನಾನು ಅವನನ್ನ ನಡೆಸ್ತೀನಿ."

ಅವರು ನನ್ನ ಕೆನ್ನೆ ತಟ್ಟಿದರು. ಅಷ್ಟೇ ಉತ್ತರ.

ಆಗ ನಾನು ಹೇಳಿದೆ, ನೆರಳು ನೋಡಿಸಬೇಕು, ಸೋಮವಾರ ಮಧ್ಯಾಹ್ನ, ಬೀದಿಯ ನಡುವೆ. ಊರಿನ ಪದ್ಧತಿ, ಯಾರೂ ಇಲ್ಲ ಅನ್ನುವಂತಿಲ್ಲ. ವತ್ಸಲಾಬಾಯಿಯವರು, "ಆಗಲಿ ಮಗು, ನಿನ್ನ ಸಮಾಧಾನಕ್ಕೆ" ಎಂದರು. ಸಾಕ್ಷಿಗೆ ಹೊನ್ನಕ್ಕ ಮತ್ತು ಜವರಪ್ಪ ಎಂದು ನಾನೇ ಹೆಸರು ಹೇಳಿದೆ. ನನ್ನವರು ಅಂತ ಇದ್ದವರು ಅವರೇ.

ಸೋಮವಾರ ಬೀದಿಗೆ ಬೀದಿಯೇ ಬಂದು ನಿಂತಿತ್ತು. ಭವನದ ಗಾಡಿಯ ಎತ್ತು ಕೊರಳಾಡಿಸಿದಾಗ ಗೆಜ್ಜೆಯ ಸದ್ದೊಂದೇ. ನಾನು ಬರಿಗಾಲಲ್ಲಿ ನಿಂತಿದ್ದೆ, ಮಣ್ಣು ಕಾದ ಹಂಚಿನ ಹಾಗೆ ಸುಡುತ್ತಿತ್ತು. ಅಲ್ಲಿ ಚಪ್ಪರವಿಲ್ಲ, ಮರವಿಲ್ಲ, ಗೋಡೆಯಿಲ್ಲ. ಪುಟ್ಟಯ್ಯ ನನ್ನ ಎಡಗಡೆ ಕೂತಿದ್ದ, ನನ್ನ ಕೈ ಅವನ ಬೆನ್ನ ಮೇಲಿತ್ತು. ನನ್ನ ಎಡಪಾದ ತಣ್ಣಗಿತ್ತು. ಸುತ್ತ ಜನ ನಿಂತಿದ್ದಾರೆ, ಅವರದೇ ಯಾರದೋ ನೆರಳಿರಬೇಕು ಎಂದುಕೊಂಡೆ. ನಡುಮಧ್ಯಾಹ್ನ ಮನುಷ್ಯರ ನೆರಳು ಅವರ ಕಾಲಡಿಗೂ ಸಾಲುವುದಿಲ್ಲ. ಈ ಸಲ ಸುಳ್ಳನ್ನು ನನಗೆ ನಾನೇ ಹೇಳಿಕೊಂಡೆ.

"ಹೊನ್ನಕ್ಕ, ನೋಡಿ ಹೇಳು."

"ಗುಡ್ಡದ ಕಡೀಕೆ" ಎಂದಳು. ದನಿ ಬಾವಿಯ ಒಳಗಿಂದ ಬಂದಂತಿತ್ತು.

"ಜವರಪ್ಪ?"

ಅವನು ಕೆಮ್ಮಿದ. "ಗುಡ್ಡದ ಕಡೀಗೇ ಅಕ್ಕ."

ಪಟ್ಟಿಯನ್ನು ಕೈಯಿಂದ ಬಿಚ್ಚಿದೆ. ವತ್ಸಲಾಬಾಯಿಯವರು ಹತ್ತಿರ ಬಂದು ಮೆಲ್ಲಗೆ, "ಒಂದು ಸಲ 'ಕೊಟ್ಟೆ' ಅಂದ್ಬಿಡು ಮಗು" ಎಂದರು.

"ನಿಮ್ಮದೇ ನಾಯಿ ಅಂದ ಮೇಲೆ ನಾನು ಯಾಕೆ ಕೊಡಬೇಕು?"

"ಪದ್ಧತಿ, ಅಷ್ಟೆ."

ಅಲ್ಲಿಗಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸೋತವಳು ಬುದ್ಧಿಯನ್ನೂ ಸೋತಿದ್ದೆ. ಒಂದು ಕೈಯಿಂದ ಪಟ್ಟಿಯನ್ನು ಅವರ ಕೈಗಿಟ್ಟು, ಇನ್ನೊಂದನ್ನು ಪುಟ್ಟಯ್ಯನ ಬೆನ್ನ ಮೇಲೇ ಇಟ್ಟುಕೊಂಡು, "ಕೊಟ್ಟೆ" ಎಂದೆ.

ಆ ಮಾತು ಬಾಯಿಂದ ಬಿದ್ದ ಗಳಿಗೆಯೇ ನನ್ನ ಎಡಪಾದದ ಮೇಲೆ ಬಿಸಿಲು ಬಂದು ಕೂತಿತು. ಪುಟ್ಟಯ್ಯ ಅಲುಗಿರಲಿಲ್ಲ, ಅವನ ಬೆನ್ನು ನನ್ನ ಅಂಗೈ ಕೆಳಗೇ ಇತ್ತು. ಜನ ಅಲುಗಿರಲಿಲ್ಲ. ಮೂರು ವರ್ಷ ನನ್ನ ಮೇಲೆ ಇದ್ದ ತಂಪು ಎದ್ದು ಹೋಗಿತ್ತು, ಪಾದ ಸುಡುತ್ತಿತ್ತು. ಬೀದಿಯಲ್ಲಿ ಯಾರೋ 'ಅಯ್ಯೋ' ಎಂದರು, ಬಾಯಿ ಮುಚ್ಚಿಕೊಂಡರು.

"ಹೊನ್ನಕ್ಕಾ, ಈಗ ನೆರಳು ಎಲ್ಲೈತೆ?"

ಅವಳ ಕಡೆಗೆ ತಿರುಗಿ ನಿಂತೆ.

"ಅದಕ್ಕೆ ಮುಂಚೆ ಎಲ್ಲಿತ್ತು?"

ಅವಳು ನೆಲಕ್ಕೆ ಕುಸಿದು ಕೂತ ಸದ್ದು ಕೇಳಿತು, ಬಳೆಗಳು ಕಲ್ಲಿಗೆ ಬಡಿದವು. "ನಿನ್ನ ಒಳ್ಳೇದಕ್ಕೇ ಕಣವ್ವ. ನಾಯಿ ನಿಂದಾದ್ರೆ ಭವನದೋರು ಕೈ ಬಿಡ್ತಾರಂತೆ. ಔಷಧಿ ಇಲ್ಲ, ಕೇಳೋರಿಲ್ಲ. ನಾಳೆ ನೀನು ಎಲ್ಲಾನಾ ಬಿದ್ದು ಸತ್ರೆ ಬೀದಿಯೋರೇ ಜವಾಬ್ದಾರಿ ಅಂತ ಭವನದ ಅಮ್ಮಾವ್ರು ಹೇಳಿದ್ರು. ನಾನು ಹೆದರ್ಕೊಂಡೆ ಅಂಬುಜ. ಪ್ರೀತಿಗೇ ಹೆದರ್ಕೊಂಡೆ."

ಕೊಟ್ಟದ್ದನ್ನು ಕೊಟ್ಟವರು ಬೇಡುವಂತಿಲ್ಲ. ಅದು ನಮ್ಮೂರಿನ ಹಳೆಯ ಮಾತು, ನನಗೂ ಗೊತ್ತು. ಆದರೂ ಅವತ್ತು ನಾನು ಬೀದಿಯಲ್ಲಿ ನಿಂತು ಬೇಡಿದೆ, ಬೈದೆ, ಮಣ್ಣು ಎತ್ತಿ ಎರಚಿದೆ. "ಪಾಪ, ಆಘಾತ ಆಗಿದೆ. ನೀರು ಕೊಡಿ" ಎಂದರು ವತ್ಸಲಾಬಾಯಿಯವರು. ಪುಟ್ಟಯ್ಯ ಗಾಡಿ ಹತ್ತಲಿಲ್ಲ. ಇಬ್ಬರು ಎತ್ತಿ ಹಾಕಿದರು. ಹಲಗೆಯ ಮೇಲೆ ಅವನ ಉಗುರು ಕೆರೆಯುತ್ತ ಹೋದ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಒಂದು ತಿಂಗಳಾದ ಮೇಲೆ ಕೋಲು ಊರಿಕೊಂಡು ಗುಡ್ಡ ಹತ್ತಿದೆ. ಮುನ್ನೂರ ಹನ್ನೆರಡು ಮೆಟ್ಟಿಲು. ಮೇಲೆ ಹೋದರೆ, ಹಿಂದೆ ವಹಿಸಿಕೊಂಡಿದ್ದವರು ನೋಡಲು ಬರಬಾರದೆಂದು ನಿಯಮವಿದೆಯಂತೆ, ಇಬ್ಬರಿಗೂ ಸಂಕಟವಾಗುತ್ತದೆಯಂತೆ. ಮಜ್ಜಿಗೆ ಕೊಟ್ಟರು. ಒಳಗೆಲ್ಲೋ ಒಂದು ನಾಯಿ ಬಾಗಿಲು ಕೆರೆಯುತ್ತಿತ್ತು. ಆ ಉಗುರು ಯಾರದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ನಡೆದೇ ಇಳಿಯುತ್ತೇನೆಂದರೂ ಕೇಳದೆ ನನ್ನನ್ನು ಗಾಡಿಯಲ್ಲಿ ಕೂರಿಸಿ ಕೆಳಗೆ ಕಳಿಸಿದರು. ಏಳನೆಯ ತಿಂಗಳು ಜವರಪ್ಪ ಬಂದು ನನ್ನ ಎದುರು ನಿಂತ. ಈ ಸಲ ಅವನು ಕೆಮ್ಮಲಿಲ್ಲ, ನೇರವಾಗಿ ಹೇಳಿದ, ಪುಟ್ಟಯ್ಯ ಹೋದ ಎಂದು. ಅಷ್ಟು ಉಪಕಾರವನ್ನು ಅವನು ಮಾಡಿದ. ಗುಡ್ಡದ ಹಿಂದೆ ಹೂಳಿದರಂತೆ, ಕಲ್ಲಿನ ಮೇಲೆ ವಿಧೇಯ ಎಂದು ಬರೆಸಿದ್ದಾರಂತೆ.

ನಾನು ಭವನಕ್ಕೆ ವಾಸಕ್ಕೆ ಹೋಗಲಿಲ್ಲ. ಕುರ್ಚಿ ಹೆಣೆಯುತ್ತೇನೆ, ಕೋಲು ಹಿಡಿದು ಸಂತೆಗೆ ಹೋಗುತ್ತೇನೆ, ಆಗಾಗ ಬೀಳುತ್ತೇನೆ, ಏಳುತ್ತೇನೆ. ಕೋಲಿನ ನೆರಳು ನನ್ನ ಕಡೆಗೇ ಬೀಳುತ್ತದೆ ಎಂದು ಬೀದಿಯವರು ಕೇಳದಿದ್ದರೂ ಹೇಳುತ್ತಾರೆ. ಹೊನ್ನಕ್ಕನ ಜೊತೆ ಮಾತು ಬಿಟ್ಟಿಲ್ಲ, ಆದರೆ ಅವಳನ್ನು ಏನನ್ನೂ ಕೇಳುವುದನ್ನು ಬಿಟ್ಟಿದ್ದೇನೆ. ಅವಳಿಗೆ ಅದು ಗೊತ್ತಾಗಿದೆ. ರಂಗೋಲಿ ಎಳೆಯುವಾಗ ಅವಳ ಕೈ ಈಗ ತುಂಬ ಹೊತ್ತು ತೆಗೆದುಕೊಳ್ಳುತ್ತದೆ.

ಮೊನ್ನೆ ಮಧ್ಯಾಹ್ನ ಜಗಲಿಯ ಅಂಚಿನಲ್ಲಿ ಕೂತಿದ್ದೆ, ಪಾದಗಳು ಬಿಸಿಲಲ್ಲಿ. ಸುಡುವುದು ನನಗೆ ರೂಢಿಯಾಗಿದೆ, ಬೇಕೆಂದೇ ಕೂರುತ್ತೇನೆ. ಇದ್ದಕ್ಕಿದ್ದಂತೆ ಎಡಪಾದ ತಣ್ಣಗಾಯಿತು. ಬೆತ್ತ ಕೈಯಿಂದ ಜಾರಿತು. ಪುಟ್ಟಯ್ಯ ಮಣ್ಣಿನಡಿ ಇದ್ದಾನೆಂದು ಗೊತ್ತಿದ್ದೂ, ಗೊತ್ತಿದ್ದೂ ನನ್ನ ಕೈ ಕೆಳಗೆ ಹೋಗಿ ಅವನ ಬೆನ್ನನ್ನು ಹುಡುಕಿತು. ಬೀದಿಯ ಗಾಳಿ ಸಿಕ್ಕಿತು. ಮೇಲೆ ಹುಡುಕಿದೆ. ಬಟ್ಟೆ ಸಿಕ್ಕಿತು, ಕಡ್ಡಿ ಸಿಕ್ಕಿತು. ಛತ್ರಿ. ನನ್ನ ಪಕ್ಕದ ಕಂಬಕ್ಕೆ ಅದರ ಹಿಡಿಯನ್ನು ಯಾರೋ ಸದ್ದಿಲ್ಲದೆ ಕಟ್ಟಿದ್ದರು.

"ಬಿಸಿಲು ಜಾಸ್ತಿ ಐತೆ ಕಣವ್ವ" ಎಂದಳು ಹೊನ್ನಕ್ಕ ಹಿಂದಿನಿಂದ. "ನಿನಗೇ ಕೊಟ್ಟೆ. ಆಗಲೇ ಹಿಡೀನ ನಿನ್ನ ಸೆರಗಿಗೆ ಮುಟ್ಟಿಸಿ ಅಂದಿದೀನಿ, ಮೆಲ್ಲಗೆ."

ಪುಟ್ಟಯ್ಯನನ್ನು ಕಿತ್ತುಕೊಂಡದ್ದೂ ನನ್ನನ್ನು ಕೇಳದೆ, ಛತ್ರಿ ಕೊಟ್ಟದ್ದೂ ನನ್ನನ್ನು ಕೇಳದೆ. ಅವಳು ಅಳುತ್ತಿದ್ದಳು, ಪಾಪ, ಅದು ಸುಳ್ಳಿನ ಅಳುವಲ್ಲ. ನಾನು ದಾರ ಬಿಚ್ಚಿ ಛತ್ರಿಯನ್ನು ತೊಡೆಯ ಮೇಲೆ ತೆಗೆದುಕೊಂಡೆ.

"ನಂದೇ ಅಲ್ವಾ ಹೊನ್ನಕ್ಕ ಈಗ?"

"ನಿಂದೇ ಕಣವ್ವ."

ಗುಂಡಿ ಒತ್ತಿ ಅದನ್ನು ಮಡಿಚಿ ಗೋಡೆಗೆ ಒರಗಿಸಿದೆ. ಬಿಸಿಲು ಮೊದಲು ಬೆರಳುಗಳ ಮೇಲೆ ಬಂತು, ಆಮೇಲೆ ಪೂರ್ತಿ ಪಾದದ ಮೇಲೆ.